ಗಂಡಸಿನ ಹಾರ್ಮೋನೇ ಹಾಗೆಯೇ?

(ಟಿ.ಬಿ. ಡ್ಯಾಂನಲ್ಲಿ ನಡೆದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಒಮ್ಮೆ ಒಬ್ಬ ಹೆಣ್ಣುಮಗಳ ಪರವಾಗಿ ಮಾತಾಡಲು ಅವಳ ಗಂಡನ ಮನೆಗೆ ಹೋಗಿದ್ದೆವು. ಅವಳ ತೋಳಿನ ಮೇಲೆ ಬಾಸುಂಡೆಗಳಿದ್ದವು. ಗಂಡ ನನ್ನ ಹಳೆಯ ವಿದ್ಯಾರ್ಥಿ. "ಗಂಡಸಿನ ಹಾರ್ಮೋನೇ ಹಾಗೆ ಮೇಡಂ, ನೀವೇ ಪಾಠ ಮಾಡಿದ್ದಿರಲ್ಲ" ಎಂದ. ಅವಳು ಒಳಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ಉತ್ತರವನ್ನು ಇವತ್ತು ಹೇಳುತ್ತೇನೆ.

ಹಾರ್ಮೋನು ರಕ್ತದಲ್ಲಿ ಹರಿದ ಮಾತ್ರಕ್ಕೆ ಕೆಲಸ ನಡೆಯದು. ನಮ್ಮ ಡ್ಯಾಂ ಕಾಲುವೆಯನ್ನೇ ನೋಡಿ, ತೂಬು ತೆರೆದ ಕಡೆ ಮಾತ್ರ ಹೊಲಕ್ಕೆ ನೀರು. ಜೀವಕೋಶದಲ್ಲಿ ತೂಬಿನಂಥ ಕೆಲಸ ಮಾಡುವ ಪ್ರೋಟೀನಿಗೆ 'ಗ್ರಾಹಕ' ಎನ್ನುತ್ತಾರೆ. ಈಸ್ಟ್ರೋಜನ್ ಗ್ರಾಹಕಗಳು ಹೆಣ್ಣು ಗಂಡು ಇಬ್ಬರ ಮಿದುಳಿನಲ್ಲೂ ಇವೆ. ವ್ಯತ್ಯಾಸವೂ ಉಂಟು, ನಾನು ಅಲ್ಲಗಳೆಯುವುದಿಲ್ಲ. ಇಲಿಗಳಲ್ಲಿ ಹೈಪೊಥಲಾಮಸ್ಸಿನ ಕೆಲವು ಜಾಗಗಳಲ್ಲಿ ಹೆಣ್ಣಿಗೆ ಆಲ್ಫಾ ಎಂಬ ಗ್ರಾಹಕ ಹೆಚ್ಚು.

ಆದರೆ ಎರಡು ಸಂಗತಿ ಗಮನಿಸಿ. ಗಂಡು ಇಲಿಮರಿಯ ಮಿದುಳನ್ನು 'ಗಂಡು' ಮಾಡುವುದು ಬಹುಮಟ್ಟಿಗೆ ಈಸ್ಟ್ರೋಜನ್ನೇ! ವೃಷಣದಿಂದ ಬಂದ ಟೆಸ್ಟೊಸ್ಟೆರೋನನ್ನು ಮಿದುಳಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೋಜನ್ನಾಗಿ ಮಾರ್ಪಡಿಸುತ್ತದೆ. 'ಹೆಣ್ಣಿನ ಹಾರ್ಮೋನು' ಎಂದು ನಾನು ಬೋರ್ಡಿನ ಮೇಲೆ ಬರೆದದ್ದು ಅರ್ಧ ಸತ್ಯ.

ಎರಡನೆಯದು, ಗ್ರಾಹಕಗಳ ಪ್ರಮಾಣ ಹಣೆಬರಹವಲ್ಲ. ಫ್ರಾನ್ಸಿಸ್ ಶಾಂಪೇನ್, ಮೈಕೆಲ್ ಮೀನಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿ ಹೆಚ್ಚು ನೆಕ್ಕಿ ಸಾಕಿದ ಹೆಣ್ಣುಮರಿಗಳ ಮಿದುಳಿನಲ್ಲಿ ಆಲ್ಫಾ ಗ್ರಾಹಕ ಹೆಚ್ಚಿತ್ತು. ಮರಿಯನ್ನು ಬೇರೆ ತಾಯಿಯ ಬಳಿ ಬಿಟ್ಟಾಗ ಅದು ಸಾಕಿದವಳಂತಾಯಿತು, ಹೆತ್ತವಳಂತಲ್ಲ. ಅಂದರೆ ಬದುಕಿನ ಅನುಭವವೂ ತೂಬನ್ನು ತೆರೆಯುತ್ತದೆ, ಮುಚ್ಚುತ್ತದೆ.

ಇಲಿಯಿಂದ ಮನುಷ್ಯನಿಗೆ ನೇರವಾಗಿ ಜಿಗಿಯಬಾರದು, ನಿಜ. ಮನುಷ್ಯರದೇ 1,400ಕ್ಕೂ ಹೆಚ್ಚು ಮಿದುಳುಗಳ ಚಿತ್ರಗಳನ್ನು ಇಸ್ರೇಲಿನ ಡಾಫ್ನಾ ಜೋಯಲ್ ಅವರ ತಂಡ 2015ರಲ್ಲಿ ಪರಿಶೀಲಿಸಿತು. ಪೂರಾ 'ಗಂಡು' ಅಥವಾ ಪೂರಾ 'ಹೆಣ್ಣು' ಮಿದುಳು ಅಪರೂಪ. ಹೆಚ್ಚಿನವು ಎರಡೂ ಬಗೆಯ ಲಕ್ಷಣಗಳ ಮಿಶ್ರಣ.

ಇನ್ನು ಆ ಹುಡುಗನಿಗೆ ಉತ್ತರ: ಮಗನೇ, ನಿನ್ನ ಹಾರ್ಮೋನು ಆಫೀಸಿನಲ್ಲಿ ಸಾಹೇಬರ ಮುಂದೆ ಕೈ ಎತ್ತುವುದಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಏಕೆ ಎತ್ತುತ್ತದೆ? ವರದಕ್ಷಿಣೆಯ ಬಾಕಿ ಲೆಕ್ಕ ಇಡುವ ಗ್ರಾಹಕ ಯಾವ ಪ್ರಾಣಿಯ ಮಿದುಳಿನಲ್ಲೂ ಇಲ್ಲ. ನಿನ್ನ ಹೊಡೆತಕ್ಕೆ ವಿವರಣೆ ನನ್ನ ಪಾಠದಲ್ಲಿಲ್ಲ. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ.

ಗೆಳತಿಯರೆ, ಅವತ್ತಿನ ನನ್ನ ಮೌನ ಅವಳ ಪಾಲಿಗೆ ಇನ್ನೊಂದು ಏಟು. ಇನ್ನು ಯಾರಾದರೂ ಹಾಗೆ ಅಂದರೆ ನೀವು ಸುಮ್ಮನಿರಬೇಡಿ.