ಮೋಶೆಯ ಕಥೆ, ಬೆಳ್ಳಿತೆರೆಯ ಮೇಲೆ

ಇಂಗ್ಲಿಷಿನ ಗಂಧವಿಲ್ಲದವರು ಮೂರೂವರೆ ಗಂಟೆಗೂ ಮಿಕ್ಕಿದ ಇಂಗ್ಲಿಷ್ ಚಿತ್ರವೊಂದನ್ನು ಬೇಸರವಿಲ್ಲದೆ ನೋಡಬಲ್ಲರೇ? ನೋಡಬಲ್ಲರೆಂಬುದಕ್ಕೆ ಅಗಡಿಯ ನನ್ನ ಸೋದರಮಾವನೇ ಸಾಕ್ಷಿಯಾಗಿದ್ದರು.

ಸಿಸಿಲ್ ಬಿ. ಡಿಮಿಲ್ಲರು 1956ರಲ್ಲಿ ತೆರೆಗೆ ತಂದ ‘ಟೆನ್ ಕಮಾಂಡ್‌ಮೆಂಟ್ಸ್’ ಚಿತ್ರವನ್ನು ನಾವಿಬ್ಬರೂ ಹುಬ್ಬಳ್ಳಿಯಲ್ಲಿ ನೋಡಿದೆವು. ಬಹಳ ವರ್ಷಗಳ ಮಾತು. ಬೈಬಲಿನ ಮೋಶೆಯ ಕಥೆಯನ್ನು ಹಾದಿಯಲ್ಲಿಯೇ ಹೇಳಿಬಿಡಬೇಕೆಂದಿದ್ದೆ. ಮಾವ ಬೇಡವೆಂದರು. ಗಳಗನಾಥರ ಸಂಪಾದಕತ್ವದಲ್ಲಿ ‘ಸದ್ಬೋಧ ಚಂದ್ರಿಕೆ’ ಹೊರಟ ಊರಿನವರು ಅವರು. ಪುರಾಣ ಕೇಳಿ ಬೆಳೆದ ಕಿವಿ.

ಗಂಡು ಕೂಸುಗಳನ್ನೆಲ್ಲ ಕೊಲ್ಲಿಸಲು ಫರೋಹನ ಅಪ್ಪಣೆಯಾಯಿತು. ತಾಯಿ ಕೂಸನ್ನು ಬುಟ್ಟಿಯಲ್ಲಿಟ್ಟು ನೈಲ್ ನದಿಗೆ ಬಿಟ್ಟಳು. ಮಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ತಮ್ಮಾ, ಕಂಸನೂ ಬಂದ, ಕರ್ಣನೂ ಬಂದ. ಇನ್ನ ನೀ ಸುಮ್ನ ಕೂಡು.”

ಎಲ್ಲರೂ ಕಾದಿದ್ದ ದೃಶ್ಯ ಕೆಂಪು ಸಮುದ್ರ ಇಬ್ಭಾಗವಾಗುವುದು. ನೀರು ಎರಡು ಗೋಡೆಗಳಾಗಿ ಎದ್ದು ನಿಂತಾಗ ಟಾಕೀಜಿನಲ್ಲಿ ಸದ್ದೇ ಇರಲಿಲ್ಲ. ದೊಡ್ಡ ತೊಟ್ಟಿಗಳಿಂದ ನೀರು ಸುರಿಸಿ, ಆ ಚಿತ್ರವನ್ನು ಹಿಂದುಮುಂದಾಗಿ ಓಡಿಸಿ ಮಾಡಿದ ಚಮತ್ಕಾರವದು. 1923ರಲ್ಲಿ ಡಿಮಿಲ್ಲರೇ ಇದೇ ಕಥೆಯ ಮೂಕಿ ಚಿತ್ರ ತೆಗೆದಾಗ ಜೆಲ್ಲಿಯ ಗಡ್ಡೆಯನ್ನು ಸೀಳಿ ಸಮುದ್ರವನ್ನು ತೋರಿಸಿದ್ದರಂತೆ. ಗುಟ್ಟು ತಿಳಿದ ಮೇಲೂ ನನಗೆ ಆ ದೃಶ್ಯದ ರುಚಿ ಕೆಟ್ಟಿಲ್ಲ. ಮಾವನಿಗೆ ಮಾತ್ರ ಅದು ದೊಡ್ಡದೆನಿಸಲಿಲ್ಲ. ವಸುದೇವನಿಗೆ ಯಮುನೆ ದಾರಿ ಬಿಟ್ಟದ್ದನ್ನು ಅವರು ಎಂದೋ ಮನಸ್ಸಿನಲ್ಲಿ ಕಂಡವರು.

ಅವರು ಮುನಿದದ್ದು ಬಂಗಾರದ ಕರುವಿನ ಪ್ರಸಂಗಕ್ಕೆ. ಜನ ಕರುವನ್ನು ಪೂಜಿಸುತ್ತಾರೆ, ಮೋಶೆ ಕೋಪದಿಂದ ಕಲ್ಲಿನ ಹಲಗೆಗಳನ್ನು ಎಸೆಯುತ್ತಾನೆ. ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಬಸವಣ್ಣನನ್ನು ಮಾಡಿ ಪೂಜಿಸುವ ಒಕ್ಕಲಿಗ ಇದನ್ನು ಹೇಗೆ ಸಹಿಸಿಯಾನು? “ಬಸವಣ್ಣಗ ಕೈ ಮುಗದ್ರ ಏನ್ ತಪ್ಪೋ?” ಎಂದರು, ಗಟ್ಟಿಯಾಗಿಯೇ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವರ ದೇವರ ಕಟ್ಟಳೆ ಬೇರೆಯೆಂದು ನಾನು ಹೇಳಿದೆ. ಆ ಉತ್ತರ ಅವರಿಗೆ ಸಾಲಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಸಾಲದು.

ಕಡೆಗೆ ನೆಬೋ ಬೆಟ್ಟ. ದಾಸ್ಯದಿಂದ ಜನರನ್ನು ಬಿಡಿಸಿ, ನಾಲ್ವತ್ತು ವರ್ಷ ಮರುಭೂಮಿಯಲ್ಲಿ ನಡೆಸಿದ ಮೋಶೆಗೆ ಆ ಹೊಸ ನಾಡಿಗೆ ಕಾಲಿಡುವ ಭಾಗ್ಯವಿಲ್ಲ. ಯೆಹೋಶುವನಿಗೆ ಕೋಲನ್ನೊಪ್ಪಿಸಿ, ಒಬ್ಬನೇ ಮೇಲೇರಿ, ತಿರುಗಿ ಕೈಯೆತ್ತುತ್ತಾನೆ. ನರೆತ ಗಡ್ಡದ ಚಾರ್ಲ್‌ಟನ್ ಹೆಸ್ಟನ್‌ರನ್ನು ನಾನು ಮರೆತೆ; ಮೋಶೆಯೇ ಕಂಡ.

ದೀಪ ಹತ್ತಿದವು. ಜನ ಎದ್ದರು, ಮಾವ ಏಳಲಿಲ್ಲ. ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡು, “ನಮ್ಮ ಮಹಾದೇವಪ್ಪನೂ ನೋಡ್ಲಿಲ್ಲಲ್ಲೋ” ಎಂದರು.

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯೊಡನೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು, ಅಗಡಿಯವರಿಗೆ ನೆರೆಯೂರೆನ್ನಬಹುದಾದ ಹೊಸರಿತ್ತಿಯಲ್ಲಿ, ಇಬ್ಬರು ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ಸ್ವಾತಂತ್ರ್ಯಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದವು.

ಹುಬ್ಬಳ್ಳಿಯಿಂದ ಹಾವೇರಿಯವರೆಗೆ ಬಸ್ಸಿನಲ್ಲಿ ಮಾವ ಸಮುದ್ರದ ಮಾತೆತ್ತಲಿಲ್ಲ. ಇಳಿಯುವಾಗ ಮಾತ್ರ ಕೇಳಿದರು: “ಆ ಕೋಲು ತಗೊಂಡ ಹುಡುಗ, ಮುಂದ ಚಲೋ ನಡಿಸಿದ್ನೇನೋ?”