ತುಟಿ ಅಲುಗದ ಹಾಡು

ಬ್ರಿಟನ್ನಿನ ಬಿಬಿಸಿ 1964ರ ಜನವರಿಯಲ್ಲಿ ಆರಂಭಿಸಿದ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮವು ಚಾರ್ಟಿನಲ್ಲಿ, ಅಂದರೆ ಧ್ವನಿಮುದ್ರಿಕೆಗಳ ವಾರದ ಮಾರಾಟವನ್ನು ಆಧರಿಸಿದ ಶ್ರೇಯಾಂಕಪಟ್ಟಿಯಲ್ಲಿ, ಮೇಲೇರಿದ ಗಾಯಕರನ್ನು ವೇದಿಕೆಗೆ ತರುತ್ತಿತ್ತಾದರೂ, ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿ ನಡೆಯುತ್ತಿದ್ದುದು ಬಹುಪಾಲು ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸುವ ಅಭಿನಯವೇ. 1988ರ ಆಗಸ್ಟ್‌ನಲ್ಲಿ ‘ಆಲ್ ಅಬೌಟ್ ಈವ್’ ತಂಡವು ‘ಮಾರ್ಥಾಸ್ ಹಾರ್ಬರ್’ ಗೀತೆಯೊಂದಿಗೆ ನೇರಪ್ರಸಾರಕ್ಕೆ ಬಂದಾಗ, ಮುದ್ರಿತ ಧ್ವನಿಯು ವೀಕ್ಷಕರ ಮನೆಗಳನ್ನು ಮುಟ್ಟಿತೇ ಹೊರತು, ಕಲಾವಿದರಿಗೆ ಹಾಡನ್ನು ಕೇಳಿಸುವ ಮಾನಿಟರ್ ಎಂಬ ಧ್ವನಿವರ್ಧಕವನ್ನು ಮುಟ್ಟಲಿಲ್ಲ. ಗಾಯಕಿ ಜೂಲಿಯಾನ್ ರೀಗನ್ ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕುಳಿತಿರುವಾಗಲೇ ಅವರ ಕಂಠ ದೇಶವಿಡೀ ಹಾಡತೊಡಗಿತ್ತು. ಎಡವಟ್ಟು ತಾಂತ್ರಿಕವಾದರೂ ಪೇಚಿಗೆ ಸಿಲುಕಿದವರು, ಪಾಪ, ಹಾಡುಗಾರರು. ಮುಂದಿನ ವಾರ ಮತ್ತೆ ಆಹ್ವಾನಿತವಾದ ತಂಡವು ಅದೇ ಗೀತೆಯನ್ನು ತನ್ನದೇ ದನಿಯಲ್ಲಿ ನೇರವಾಗಿ ಹಾಡಿತು.