ಭಾನುವಾರದ 22 ಮೈಲಿ
42 ಕಿ.ಮೀ. ಮ್ಯಾರಥಾನಿನ ನಿಜವಾದ ಪರೀಕ್ಷೆ 30 ದಾಟಿದ ಮೇಲೆ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಆಗ ಬರಿದಾಗತೊಡಗುತ್ತದೆ, ಕಾಲು ಕಲ್ಲಾಗುತ್ತದೆ. ಇದಕ್ಕೆ ದೇಹವನ್ನು ಮೊದಲೇ ಒಗ್ಗಿಸಬೇಕೆಂದು ನಂಬಿದ್ದವರು ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್. 1950ರ ದಶಕದ ಆಕ್ಲೆಂಡಿನಲ್ಲಿ ಅವರ ಹುಡುಗರಿಗೆ ಭಾನುವಾರವೆಂದರೆ ವಾಯಟರುವಾ ಗುಡ್ಡದ ದಾರಿಯಲ್ಲಿ 22 ಮೈಲಿ ಓಟ. ಪಾದರಕ್ಷೆ ಕಾರ್ಖಾನೆಯ ನೌಕರರಾಗಿದ್ದ ಲಿಡಿಯಾರ್ಡ್, ದಡದಲ್ಲಿ ನಿಂತು ಈಜು ಹೇಳಿಕೊಡುವ ಗುರುವಲ್ಲ. ಜತೆಗೆ ತಾವೂ ಓಡಿದವರು. ಎರಡೇ ಸುತ್ತಿನ 800 ಮೀಟರ್ ಓಟಗಾರ ಪೀಟರ್ ಸ್ನೆಲ್‌ಗೂ ವಿನಾಯಿತಿ ಇರಲಿಲ್ಲ. ಮೊದಲ ಸಲ ಮುಗಿಸಿದಾಗ ಸ್ನೆಲ್ ಅತ್ತೇಬಿಟ್ಟರು. ಏರಿನಲ್ಲಿ ಒಂಟಿಯಾಗಿದ್ದರೆ ನಿಂತುಬಿಡುವುದು ಸುಲಭ. ಮುಂದೆ ಗೆಳೆಯರ ಬೆನ್ನು ಕಾಣುತ್ತಿದ್ದರೆ ಹಾಗಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್, ಮರ್ರೆ ಹಾಲ್ಬರ್ಗ್ ಒಂದೇ ದಿನ ಚಿನ್ನ ಗೆದ್ದರು. ಎಂಟು ದಿನಗಳ ಬಳಿಕ ಅದೇ ಗುಂಪಿನ ಬ್ಯಾರಿ ಮಗೀ ಮ್ಯಾರಥಾನಿನಲ್ಲಿ ಕಂಚು ತಂದರು.